ಹಳೇ ಜೀನ್ಸು, ಸೈಕಲ್ ಟ್ಯೂಬು, ಖಾಲಿ ಬಾಟಲಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಪತ್ರಗಳ ಕಟ್ಟು ದಪ್ಪಗಿದೆ. ಬಹಳ ಜನ ಕೇಳಿರುವುದು ಒಂದೇ ಮಾತು: "ಇದು ಮನೆಯಲ್ಲಿ ಸುಮ್ನೆ ಬಿದ್ದಿದೆ, ಇದರಿಂದ ಏನು ಮಾಡಬಹುದು?" ಏನು ಬೇಕಾದರೂ ಮಾಡಬಹುದು. ಮಾಡಿದ್ದನ್ನು ಆಮೇಲೆ ಯಾರಾದರೂ ಬಳಸುತ್ತಾರಾ? ಅದನ್ನು ನೋಡಿಕೊಂಡು ನಾನು ಉತ್ತರ ಬರೆದಿದ್ದೇನೆ. ಕೆಲವರಿಗೆ ಬೇಜಾರಾಗಬಹುದು, ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಅಕ್ಕಾ, ಬಾಟಲಿ, ರಟ್ಟಿನ ಡಬ್ಬ, ಹರಿದ ಬಟ್ಟೆ, ಮುಚ್ಚಳ, ಏನನ್ನೂ ಎಸೆಯದೆ ಕೂಡಿಡುತ್ತಾ ಬಂದಿದ್ದೇನೆ. ಒಂದು ಕೋಣೆ ತುಂಬಿದೆ. ಮನೆಯವರು ರೇಗುತ್ತಾರೆ. ಎಲ್ಲಿಂದ ಶುರು ಮಾಡಲಿ? (ಗೃಹಿಣಿ)

ನಾನು ನಿಮ್ಮ ಮನೆಯವರ ಕಡೆ. ಕೂಡಿಡುವ ಚಟವೇ ಬೇರೆ, ಕೈಯಾರೆ ಮಾಡುವ ಅಭ್ಯಾಸವೇ ಬೇರೆ. ಕೋಣೆ ತುಂಬಾ ಸಾಮಾನಿದ್ದರೆ ಕೂತು ಕೆಲಸ ಮಾಡುವುದು ಎಲ್ಲಿ?

ಮೊದಲು ಎಲ್ಲವನ್ನೂ ಹೊರಗೆ ಹಾಕಿ. ರಟ್ಟು, ಕಾಗದ, ಗಾಜು, ತಗಡು ಇವನ್ನು ಗುಜರಿಗೆ ಕೊಟ್ಟುಬಿಡಿ. ಗಾಜು ಕರಗಿಸಿದರೆ ಮತ್ತೆ ಗಾಜೇ ಆಗುತ್ತದೆ, ಅಲ್ಯೂಮಿನಿಯಂ ಮತ್ತೆ ಅಲ್ಯೂಮಿನಿಯಮ್ಮೇ. ಅವುಗಳಿಗೆ ನಿಮ್ಮ ಕೈ ಬೇಕಾಗಿಲ್ಲ. ಬೇಕಾಗಿರುವುದು ಯಾರೂ ಸುಲಭವಾಗಿ ತೆಗೆದುಕೊಳ್ಳದ ಸಾಮಾನಿಗೆ. ಹತ್ತಿಗೆ ಪಾಲಿಯೆಸ್ಟರ್ ಬೆರೆತ ಬಟ್ಟೆ, ಟ್ಯೂಬು, ಚರ್ಮದ ಚೂರು, ಲೇಪನ ಇರುವ ಬ್ಯಾನರು ಇಂಥವು. ಎರಡು ಮೂರು ವಸ್ತು ಬೆರೆತುಹೋದರೆ ಬೇರೆ ಮಾಡುವುದು ಕಾರ್ಖಾನೆಗೂ ಕಷ್ಟ. ಅಂಥದ್ದನ್ನು ಹಾಗೇ ಇಟ್ಟುಕೊಂಡು ಉಪಯೋಗಿಸುವುದು ಜಾಣತನ.

ಆಮೇಲೆ ಒಂದು ಚೀಟಿಯಲ್ಲಿ ಮನೆಗೆ ಈಗ ನಿಜವಾಗಿ ಬೇಕಾಗಿರುವುದನ್ನು ಬರೆಯಿರಿ. ಕಾಲೊರೆಸು, ಬಟ್ಟೆ ಕ್ಲಿಪ್ ಹಾಕುವ ಚೀಲ, ಬಾಗಿಲಿಗೆ ತಡೆ, ಏನೋ ಒಂದು. ಆ ಚೀಟಿಗೆ ಹೊಂದುವುದು ಮಾತ್ರ ಒಳಗೆ ಬರಲಿ, ಅದೂ ಒಂದೇ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು. ಮುಚ್ಚಳಗಳನ್ನು ಇವತ್ತೇ ಕಳಿಸಿಬಿಡಿ. ಮುಚ್ಚಳದಿಂದ ಮಾಡಿದ ಪರದೆಯನ್ನು ಮೊದಲ ಧೂಳು ಕೂತ ಮೇಲೂ ಒರೆಸಿ ಇಟ್ಟುಕೊಂಡವರನ್ನು ನಾನಿನ್ನೂ ನೋಡಿಲ್ಲ.

ಪ್ರಶ್ನೆ: ಹಳೆಯ ಜೀನ್ಸ್ ಪ್ಯಾಂಟಿನಿಂದ ಚೀಲ ಹೊಲಿದೆ. ತಿಂಗಳೊಳಗೆ ಒಂದು ಕಡೆ ಹರಿಯಿತು. ಬಿಳಿ ಲೈನಿಂಗ್ ನೀಲಿಯಾಯಿತು. ಹೊಲಿಯುವಾಗ ಸೂಜಿ ಮುರಿದದ್ದು ಬೇರೆ. ಜೀನ್ಸು ಗಟ್ಟಿ ಬಟ್ಟೆ ಅಂತಾರಲ್ಲ ಮೇಡಂ? (ಹೊಲಿಗೆ ಕಲಿಯುತ್ತಿರುವವರು)

ಗಟ್ಟಿಯೇ. ಆದರೆ ಪ್ಯಾಂಟು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಒಳತೊಡೆ, ಮಂಡಿ, ಕೂರುವ ಜಾಗ ಇವು ಮೊದಲು ಸೋಲುತ್ತವೆ. ಕತ್ತರಿ ಹಾಕುವ ಮುಂಚೆ ಪ್ಯಾಂಟನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿ. ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಭಾಗ ಚೀಲಕ್ಕೆ ಬೇಡ, ತೇಪೆಗೋ ಒರೆಸುವ ಬಟ್ಟೆಗೋ ಆದೀತು. ಮಂಡಿಯಿಂದ ಕೆಳಗೆ, ಅದರಲ್ಲೂ ಮೀನಖಂಡದ ಹಿಂದಿನ ಬಟ್ಟೆ ಹೆಚ್ಚುಕಡಿಮೆ ಹೊಸದರ ಹಾಗೇ ಇರುತ್ತದೆ. ಚೀಲದ ತಳವನ್ನು ಅಲ್ಲಿಂದ ತೆಗೆಯಿರಿ.

ಎಳೆದರೆ ಹಿಗ್ಗುವ ಜೀನ್ಸಿದ್ದರೆ ಇನ್ನೂ ಒಂದು ವಿಷಯ ನೋಡಬೇಕು. ಹಿಗ್ಗುವ ನೂಲು ಹೆಚ್ಚಾಗಿ ಅಡ್ಡಕ್ಕೆ ಇರುತ್ತದೆ. ಹಿಡಿಕೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಭಾರ ಹಾಕಿದ ಕೂಡಲೇ ಜೋಲು ಬೀಳುತ್ತದೆ. ಕಾಲಿನ ಉದ್ದಕ್ಕೇ ಕತ್ತರಿಸಿ. ಅದಕ್ಕಿಂತ ಸುಲಭ ಬೇಕಾ? ಸೊಂಟಪಟ್ಟಿಯನ್ನೇ ಬಿಚ್ಚಿ ಹಿಡಿಕೆ ಮಾಡಿ. ಅದು ಆಗಲೇ ಮಡಿಸಿ ಹೊಲಿದ ಪಟ್ಟಿ, ಗುಂಡಿ ಕಾಜಾ ಸಮೇತ ಬರುತ್ತದೆ.

ಈಗ ಬಣ್ಣ. ಸಾಮಾನ್ಯ ಜೀನ್ಸಿನಲ್ಲಿ ಉದ್ದಕ್ಕೆ ಓಡುವ ಹಾಸಿನ ನೂಲು ಮಾತ್ರ ನೀಲಿ, ಅಡ್ಡಕ್ಕೆ ನೇಯ್ದ ಹೊಕ್ಕಿನ ನೂಲು ಬಿಳಿ. ಒಳಗಡೆ ತಿರುಗಿಸಿದರೆ ಬಿಳಿಚಿಕೊಂಡು ಕಾಣುವುದು ಅದಕ್ಕೇ. ಆ ಹಾಸಿನ ನೂಲಿಗೂ ನೀಲಿ ಪೂರ್ತಿ ಇಳಿದಿರುವುದಿಲ್ಲ. ಅಂಚಿನಿಂದ ಒಂದು ಎಳೆ ಬಿಡಿಸಿ, ಹುರಿ ಬಿಚ್ಚಿ ನೋಡಿ. ಹೊರಗೆ ನೀಲಿ, ನಡುವೆ ಬಿಳಿ ಕಾಣುತ್ತದೆ. ಮೇಲೆ ಕೂತಿರುವ ಬಣ್ಣ ಉಜ್ಜಿದಾಗೆಲ್ಲ ಸ್ವಲ್ಪ ಸ್ವಲ್ಪ ಉದುರುತ್ತದೆ, ಹಳೆಯ ಪ್ಯಾಂಟು ಮಾಸಿ ಚೆಂದ ಕಾಣುವುದೂ ಇದೇ ಕಾರಣಕ್ಕೆ. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಬಟ್ಟೆ ನೀಲಿಯಾದರೆ ಬಿಳಿ ಲೈನಿಂಗ್ ಆಸೆ ಬಿಡಿ, ಗಾಢ ಬಣ್ಣದ್ದು ಹಾಕಿ.

ಸೂಜಿ ಮುರಿಯುವುದು ಹೊಲಿಗೆಯ ಮೇಲೆ ಹೊಲಿಗೆ ಬರುವ ಗಂಟಿನಲ್ಲಿ. 16ನೇ ನಂಬರಿನ ಜೀನ್ಸ್ ಸೂಜಿ ಹಾಕಿ. ಆ ಗಂಟನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ಕೊಡಿ. ತಮಾಷೆಯಲ್ಲ, ನಿಜವಾಗಿ ಚಪ್ಪಟೆಯಾಗುತ್ತದೆ. ಅಲ್ಲಿಗೆ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ. ದಾರ ಪಾಲಿಯೆಸ್ಟರಿನದ್ದೇ ಇರಲಿ.

ಪಾಕೆಟ್ಟನ್ನು ಚೀಲದ ಹೊರಗೆ ಅಲಂಕಾರಕ್ಕೆ ಹೊಲಿಯುತ್ತಾರಲ್ಲ, ನನಗದು ಹಿಡಿಸುವುದಿಲ್ಲ. ಒಳಗೆ ಹೊಲಿಯಿರಿ. ಬೀಗದ ಕೈ ಹುಡುಕಲು ಚೀಲ ಪೂರ್ತಿ ಬಗ್ಗಿಸುವುದು ತಪ್ಪುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಕವರುಗಳನ್ನು ಒಂದರ ಮೇಲೊಂದು ಇಟ್ಟು ಇಸ್ತ್ರಿ ಮಾಡಿ ದಪ್ಪ ಹಾಳೆ ಮಾಡಬಹುದಂತೆ. ಫ್ಲೆಕ್ಸ್ ಬ್ಯಾನರಿನಲ್ಲೂ ಹೀಗೆ ಮಾಡಬಹುದಾ?

ಕವರಿನಲ್ಲಿ ಮಾಡಬಹುದು, ಬ್ಯಾನರಿನಲ್ಲಿ ಖಂಡಿತ ಬೇಡ.

ತೆಳು ಕವರುಗಳು ಹೆಚ್ಚಾಗಿ ಪಾಲಿಥೀನ್. ತ್ರಿಕೋನದೊಳಗೆ 2 ಅಥವಾ 4 ಎಂದು ಬರೆದಿರುತ್ತದೆ. ಅದು ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುತ್ತದೆ. ಏಳೆಂಟು ಪದರ ಜೋಡಿಸಿ, ಅಚ್ಚು ಇರುವ ಮುಖ ಒಳಕ್ಕೆ ಇರಲಿ, ಮೇಲೂ ಕೆಳಗೂ ಬೇಕಿಂಗ್ ಕಾಗದ ಇಟ್ಟು ಕಮ್ಮಿ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ತೂತು ಬಿದ್ದರೆ ಬಿಸಿ ಜಾಸ್ತಿ ಆಯ್ತು ಅಂತ ಅರ್ಥ. ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಬೇಡ.

ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ಜಾಲರಿಯ ಮೇಲೆ ಪಿವಿಸಿ ಲೇಪನ. ಪಿವಿಸಿ ಜಾಸ್ತಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕಣ್ಣು, ಗಂಟಲು ಉರಿಯುತ್ತದೆ. ತ್ರಿಕೋನದೊಳಗೆ 3 ಇದ್ದರೆ ಅದೂ ಪಿವಿಸಿಯೇ, ಇಸ್ತ್ರಿಯ ಹತ್ತಿರವೂ ತರಬೇಡಿ. ಬ್ಯಾನರನ್ನು ಹೊಲಿಯಬಹುದು, ಆದರೆ ಗುಂಡುಸೂಜಿ ಚುಚ್ಚಿದ ತೂತು ಮುಚ್ಚುವುದೇ ಇಲ್ಲ, ಕ್ಲಿಪ್ ಹಾಕಿ ಹಿಡಿಸಿ. ಗಾಡಿಯ ಹೊದಿಕೆ, ಉಪಕರಣದ ಚೀಲ ಮಾಡಿ. ತಿನ್ನುವ ಪದಾರ್ಥ ಇಡುವ ಚೀಲ ಬೇಡ.

ಪ್ರಶ್ನೆ: ಸೈಕಲ್ ರಿಪೇರಿಯವರ ಹತ್ತಿರ ಹಳೆಯ ಟ್ಯೂಬಿನ ರಾಶಿ ಇದೆ, ಬೇಕಾದರೆ ತಗೊಂಡು ಹೋಗಿ ಅಂತಾರೆ. ಅದರಲ್ಲಿ ಏನಾದರೂ ಆಗುತ್ತಾ, ಅಕ್ಕಾ?

ಆಗುತ್ತಾ ಅಂತ ಕೇಳ್ತೀರಲ್ಲ! ನನಗೆ ಒಂದೇ ಒಂದು ವಸ್ತು ಆರಿಸಿಕೋ ಅಂದರೆ ಟ್ಯೂಬನ್ನೇ ಆರಿಸುತ್ತೇನೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫ್ರೈಟಾಗ್ ಅಂತ ಇಬ್ಬರು ಅಣ್ಣತಮ್ಮಂದಿರು 1993ರಲ್ಲಿ ಹಳೆಯ ಲಾರಿ ಟಾರ್ಪಾಲಿನಿಂದ ಚೀಲ ಮಾಡಿದರು. ಅಂಚಿಗೆ ಸೈಕಲ್ ಟ್ಯೂಬು, ಹೆಗಲಿಗೆ ಕಾರಿನ ಸೀಟ್ ಬೆಲ್ಟು. ಆ ಕಂಪನಿ ಇವತ್ತಿಗೂ ನಡೆಯುತ್ತಿದೆ. ಸೈಕಲ್ಲಿನಲ್ಲಿ ಓಡಾಡುವವರಿಗೆ ಮಳೆಗೆ ನೆನೆಯದ ಚೀಲ ಬೇಕಿತ್ತು, ಅದಕ್ಕೆ ತಕ್ಕ ಸಾಮಾನು ರಸ್ತೆಯಲ್ಲೇ ಸಿಕ್ಕಿತು, ಅಷ್ಟೆ.

ಸಾಮಾನ್ಯವಾಗಿ ಸೈಕಲ್ ಟ್ಯೂಬು ಬ್ಯೂಟೈಲ್ ರಬ್ಬರಿನದ್ದು. ಗಾಳಿಯನ್ನೇ ಸುಲಭಕ್ಕೆ ಬಿಡದ ರಬ್ಬರು, ನೀರನ್ನು ಬಿಡುತ್ತದೆಯೇ? ತರುವಾಗ ಆರಿಸಿ ತನ್ನಿ. ಟ್ಯೂಬನ್ನು ಬೆರಳಿನ ಮೇಲೆ ಮಡಿಸಿ ಕಣ್ಣಿನ ಹತ್ತಿರ ಹಿಡಿಯಿರಿ. ಮಡಿಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಬಿಸಿಲು ತಿಂದಿದೆ, ಬಿಟ್ಟುಬಿಡಿ. ಪಂಕ್ಚರ್ ಆಗಿದ್ದರೆ ಪರವಾಗಿಲ್ಲ.

ವಾಲ್ವ್ ಇರುವ ಭಾಗ ಕತ್ತರಿಸಿ ತೆಗೆಯಿರಿ. ಆಮೇಲೆ ಒಳಮಗ್ಗುಲಿನ ಗೆರೆಯ ಗುಂಟ ಉದ್ದಕ್ಕೆ ಸೀಳಿ. ಒಳಗೆ ಬಿಳಿ ಪುಡಿ ಇರುತ್ತದೆ. ಅದು ಟಾಲ್ಕ್, ಗೋಡೆಗೆ ಗೋಡೆ ಅಂಟದಿರಲಿ ಅಂತ ಹಾಕಿರುತ್ತಾರೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೂ ಪಟ್ಟಿ ತನ್ನ ಹಳೆಯ ದುಂಡನ್ನು ಬಿಡುವುದಿಲ್ಲ, ಅಂಚುಗಳು ಒಳಕ್ಕೆ ಸುರುಳಿ ಸುತ್ತುತ್ತವೆ. ದಪ್ಪ ಪುಸ್ತಕದ ಕೆಳಗೆ ಇಟ್ಟರೂ ಅಷ್ಟಕ್ಕಷ್ಟೇ. ಆ ಬಾಗನ್ನು ಜಗಳವಾಡಿ ನೆಟ್ಟಗೆ ಮಾಡುವ ಬದಲು ಅದಕ್ಕೆ ಒಪ್ಪುವ ಸಾಮಾನು ಮಾಡಿ. ಪೆನ್ನಿನ ಚೀಲ, ಬೆಲ್ಟು, ಚೀಲದ ಅಂಚುಪಟ್ಟಿ ಇವುಗಳಲ್ಲಿ ಬಾಗೇ ಅನುಕೂಲ.

ಮಷೀನಿನಲ್ಲಿ ಹೊಲಿಯುವಾಗ ರಬ್ಬರು ಪ್ರೆಸರ್ ಫೂಟಿಗೆ (ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಕಚ್ಚಿಕೊಂಡು ಮುಂದಕ್ಕೇ ಹೋಗುವುದಿಲ್ಲ. ಮೇಲೆ ತೆಳು ಟಿಶ್ಯೂ ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಅಂಟಿಕೊಳ್ಳದ ಟೆಫ್ಲಾನ್ ಫೂಟ್ ಇದ್ದರೆ ಇನ್ನೂ ಒಳ್ಳೆಯದು. ಹೊಲಿಗೆ ಉದ್ದ 4 ಮಿಲಿಮೀಟರ್ ಇಡಿ. ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲಾಗಿ ಅಂಚೆಚೀಟಿ ಹರಿದ ಹಾಗೆ ಹರಿದು ಬರುತ್ತದೆ. ಅಂಟಿಸಲು ಪಂಕ್ಚರಿನ ಸಲ್ಯೂಷನ್ನೇ ಸಾಕು. ಎರಡೂ ಕಡೆ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಜಾರುತ್ತದೆ.

ಹಳೆಯ ಪಂಕ್ಚರ್ ತೇಪೆ, ಟ್ಯೂಬಿನ ಮೇಲೆ ಅಚ್ಚಾಗಿರುವ ಅಳತೆಯ ಅಂಕಿ ಇವನ್ನು ಮುಚ್ಚಬೇಡಿ, ಎದುರಿಗೆ ಬರುವ ಹಾಗೆ ಕತ್ತರಿಸಿ. ನೋಡಲು ಅದೇ ಚೆಂದ. ವಾಸನೆ ಗಾಳಿಗೆ ಇಟ್ಟರೆ ಬಹಳ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಸುಳ್ಳು ಹೇಳುವುದೇಕೆ. ಮತ್ತೆ ಬೆಳ್ಳಿ ಒಡವೆ ಇಡುವ ಚೀಲ ಮಾತ್ರ ಇದರಲ್ಲಿ ಮಾಡಬೇಡಿ. ರಬ್ಬರನ್ನು ಹದ ಮಾಡಲು ಗಂಧಕ ಹಾಕಿರುತ್ತಾರೆ, ಬೆಳ್ಳಿ ಕಪ್ಪಾಗುತ್ತದೆ.

ಪ್ರಶ್ನೆ: ಮಕ್ಕಳಿಗೆ "ಕಸದಿಂದ ರಸ" ಪ್ರಾಜೆಕ್ಟ್ ಕೊಡುತ್ತೇವೆ. ಹೊಸ ಐಡಿಯಾ ಇದ್ದರೆ ತಿಳಿಸಿ. (ಶಿಕ್ಷಕಿ)

ಮೇಡಂ, ನಾಳೆ ಹತ್ತು ಬಾಟಲಿ ತನ್ನಿ ಅಂತ ಹೇಳಿದರೆ ಅಪ್ಪ ಅಮ್ಮ ಅಂಗಡಿಗೆ ಹೋಗಿ ತುಂಬಿದ ಬಾಟಲಿ ಕೊಂಡು, ಒಳಗಿದ್ದದ್ದನ್ನು ಸಿಂಕಿಗೆ ಸುರಿಯುತ್ತಾರೆ. ಐಸ್‌ಕ್ರೀಂ ಕಡ್ಡಿಯದ್ದೂ ಇದೇ ಕಥೆ, ಹೊಸ ಕಡ್ಡಿಯ ಕಟ್ಟೇ ಮಾರಾಟಕ್ಕಿದೆ. ಐಡಿಯಾ ಬದಲು ಒಂದು ಕೆಲಸ ಕೊಡಿ. ಹರಿದ ಅಂಗಿಯೊಂದನ್ನು ತರಲಿ, ಗುಂಡಿ ಬಿಚ್ಚಿ ಮತ್ತೆ ಹಾಕುವುದನ್ನು ಕಲಿಯಲಿ. ಹುಡುಗರೂ.

ಪ್ರಶ್ನೆ: ದಾರಕ್ಕೆ ಸ್ಪಿರಿಟ್ ಅದ್ದಿ, ಬಾಟಲಿಗೆ ಸುತ್ತಿ, ಬೆಂಕಿ ಹಚ್ಚಿ ಗಾಜು ಕತ್ತರಿಸುವ ವಿಡಿಯೊ ನೋಡಿದೆ. ನಾನು ಮಾಡಿದರೆ ಅಂಕುಡೊಂಕಾಗಿ ಒಡೆಯುತ್ತದೆ. (ಕಾಲೇಜು ವಿದ್ಯಾರ್ಥಿ)

ತಮ್ಮಾ, ಆ ಬೆಂಕಿ ಆಟ ಬಿಡು. ಗಾಜು ಬಿಸಿಯನ್ನು ಬೇಗ ಹರಡಿಕೊಳ್ಳುವುದಿಲ್ಲ. ಕಾದ ಜಾಗ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಜಾಗ ಹಿಗ್ಗುವುದಿಲ್ಲ, ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ. ಬಿರುಕು ಎಲ್ಲಿ ಹೋಗಬೇಕು ಅಂತ ದಾರಿ ತೋರಿಸದಿದ್ದರೆ ಅದು ತನಗಿಷ್ಟ ಬಂದ ಕಡೆ ಹೋಗುತ್ತದೆ.

ದಾರಿ ತೋರಿಸುವುದು ಗ್ಲಾಸ್ ಕಟರಿನ ಗೀರು. ಬಾಟಲಿಯನ್ನು ಉರುಳಿಸುತ್ತಾ ಒಂದೇ ಸಲ, ಒಂದೇ ಒತ್ತಡದಲ್ಲಿ ಗೀರಬೇಕು. ಅದೇ ಗೀರಿನ ಮೇಲೆ ಎರಡನೇ ಸಲ ಹೋದರೆ ಕಟರೂ ಹಾಳು, ಗೆರೆಯೂ ಹಾಳು. ಆಮೇಲೆ ಗೀರಿನ ಮೇಲೆ ಬಿಸಿ ನೀರು, ಮತ್ತೆ ತಣ್ಣೀರು, ಹೀಗೆ ಬದಲಿಸಿ ಸುರಿ. ಅಂಚನ್ನು ಸಿಲಿಕಾನ್ ಕಾರ್ಬೈಡ್ ಸ್ಯಾಂಡ್ ಪೇಪರಿನಿಂದ 120, 220, 400 ಅಂತ ಒರಟಿನಿಂದ ನಯಕ್ಕೆ ಹೋಗುತ್ತಾ ನೀರಿನಲ್ಲೇ ಉಜ್ಜು. ಒಣಗಿದ್ದಾಗ ಉಜ್ಜಿದರೆ ಗಾಜಿನ ಧೂಳು ಶ್ವಾಸಕ್ಕೆ ಹೋಗುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಮತ್ತೆ ಎಷ್ಟೇ ನಯ ಮಾಡಿದರೂ ಅದನ್ನು ಕುಡಿಯುವ ಲೋಟ ಮಾಡಬೇಡ. ಪೆನ್ಸಿಲ್ ಇಡು. ದೀಪ ಮಾಡಿದರೆ ಬಿಸಿಯಾಗದ ಸಣ್ಣ ಎಲ್‌ಇಡಿ ಸಾಕು.

ಪ್ರಶ್ನೆ: ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಸಿಕ್ಕಿದೆ. ಮಗುವಿಗೆ ಪುಸ್ತಕದ ಶೆಲ್ಫ್ ಮಾಡಬೇಕೆಂದಿದ್ದೇನೆ. ಮರ ಸುರಕ್ಷಿತವೇ?

ಪ್ಯಾಲೆಟ್ಟಿನ ಪಕ್ಕದ ದಿಮ್ಮಿ ನೋಡಿ. ದೇಶ ದಾಟಿ ಬಂದ ಮರದ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಕೀಟಗಳು ಮರದ ಜೊತೆ ಪ್ರಯಾಣ ಮಾಡದಿರಲಿ ಅಂತ ಇರುವ ಅಂತಾರಾಷ್ಟ್ರೀಯ ನಿಯಮ ಅದು. ಮುದ್ರೆಯಲ್ಲಿ 'ಎಚ್‌ಟಿ' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಇರುವಂತೆ ಕಾಯಿಸಿದ್ದಾರೆ ಅಂತ. ಅದು ಆಗಬಹುದು. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲದ ಹೊಗೆ ಕೊಟ್ಟಿದ್ದಾರೆ, ಬೇಡ. ಮುದ್ರೆ ಇಲ್ಲದೆ ಎಣ್ಣೆ ಕಲೆ, ಘಾಟು ವಾಸನೆ ಇದ್ದರೆ ಅದೂ ಬೇಡ, ಅದರ ಮೇಲೆ ಏನು ಚೆಲ್ಲಿತ್ತೋ ಯಾರಿಗೆ ಗೊತ್ತು.

ಹಲಗೆಯನ್ನು ಮೀಟಿ ಎಬ್ಬಿಸಲು ಹೋದರೆ ಸೀಳುತ್ತದೆ. ಹಲಗೆಗೂ ದಿಮ್ಮಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ. ಮೊಳೆಯ ತಲೆ ಹಲಗೆಯಲ್ಲೇ ಉಳಿಯಲಿ, ಕಪ್ಪು ಚುಕ್ಕೆ ಚೆನ್ನಾಗೇ ಕಾಣುತ್ತದೆ. ಬಡಗಿಯ ಹತ್ತಿರ ಹತ್ತರಿ (ಮರ ನಯ ಮಾಡುವ ಉಪಕರಣ) ಹೊಡೆಸುವುದಾದರೆ ಮಾತ್ರ ಮೊಳೆ ಒಂದೂ ಬಿಡದೆ ತೆಗೆಯಿರಿ, ಇಲ್ಲವಾದರೆ ಅವರ ಬಾಯಿಗೆ ನೀವೇ ಉತ್ತರ ಕೊಡಬೇಕು.

ಪ್ರಶ್ನೆ: ಹಳೆಯ ಬಟ್ಟೆಯಿಂದ ಚೀಲ ಹೊಲಿದು ಮಾರುತ್ತೇನೆ. "ಕಸದಿಂದ ಮಾಡಿದ್ದು ತಾನೇ, ಇಷ್ಟ್ಯಾಕೆ ರೇಟು?" ಅಂತಾರೆ. ಏನು ಹೇಳಲಿ?

ಏನೂ ಹೇಳಬೇಡಿ. ಅವರಿಗೆ "ಕಸದಿಂದ ಮಾಡಿದ್ದು" ಅಂತ ಮೊದಲು ಹೇಳಿದವರು ಯಾರು? ನೀವೇ ಅಲ್ವಾ? ಬೋರ್ಡಿನ ಮೇಲೆ, ಚೀಟಿಯ ಮೇಲೆ, ಮಾತಿನಲ್ಲಿ ಎಲ್ಲ ಕಡೆ ಅದನ್ನೇ ಬರೆದು ಆಮೇಲೆ ಬೆಲೆ ಕೇಳಿದರೆ ಜನ ಚೌಕಾಸಿ ಮಾಡುತ್ತಾರೆ. ಚೀಲವನ್ನು ಚೀಲವೆಂದೇ ಮಾರಿ. ಎಷ್ಟು ಭಾರ ಹೊರುತ್ತದೆ, ಜಿಪ್ ಎಂಥದ್ದು, ಹೇಗೆ ಒಗೆಯಬೇಕು, ಇದನ್ನು ಹೇಳಿ. ಹಳೆಯ ಬಟ್ಟೆಯ ಸುದ್ದಿ ಕೊನೆಗೆ ಬರಲಿ, ಕೇಳಿದವರಿಗೆ.

ಬೆಲೆ ಕಟ್ಟುವಾಗ ಬಟ್ಟೆ ಪುಕ್ಕಟೆ ಸಿಕ್ಕಿತು ಅಂತ ಸೊನ್ನೆ ಹಾಕುತ್ತೀರಿ ಅಂತ ನನ್ನ ಗುಮಾನಿ. ಹೊಸ ಬಟ್ಟೆಯಾದರೆ ನೇರ ಕತ್ತರಿ ಹಾಕಬಹುದು. ನಿಮ್ಮ ಬಟ್ಟೆಯನ್ನು ತರಬೇಕು, ಒಗೆಯಬೇಕು, ಇಸ್ತ್ರಿ ಮಾಡಬೇಕು, ಹೊಲಿಗೆ ಬಿಚ್ಚಬೇಕು, ಕಲೆ ಇರುವ ಜಾಗ ತಪ್ಪಿಸಿ ಅಳತೆ ಕೂರಿಸಬೇಕು. ಹೊಲಿಯುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುವುದುಂಟು. ಗಡಿಯಾರ ಇಟ್ಟುಕೊಂಡು ಒಂದು ಚೀಲ ಪೂರ್ತಿ ಮಾಡಿ, ಬಿಚ್ಚುವ ಹೊತ್ತೂ ಸೇರಿಸಿ ಕೂಲಿ ಹಾಕಿ. ಬಂದ ಬೆಲೆ ನೋಡಿ ನಿಮಗೇ ಗಾಬರಿಯಾದರೆ ಬೆಲೆ ಇಳಿಸಬೇಡಿ, ವಿನ್ಯಾಸ ಸರಳ ಮಾಡಿ. ಅಳತೆ ಒಂದೇ ಇರಲಿ, ಬಟ್ಟೆ ಮಾತ್ರ ಬದಲಾಗಲಿ.

ಇನ್ನೊಂದು ಎಚ್ಚರ. ದೊಡ್ಡ ಕಂಪನಿಯ ಲೋಗೋ ಎದ್ದು ಕಾಣುವ ಹಾಗೆ ಹೊಲಿದು ಮಾರಬೇಡಿ. ಮನೆಗೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ, ವ್ಯಾಪಾರಕ್ಕಿಳಿದರೆ ಟ್ರೇಡ್‌ಮಾರ್ಕ್ ತಕರಾರು ಬರಬಹುದು.

ಪ್ರಶ್ನೆ: ನಿಮ್ಮ ಹತ್ತು ಚೀಲದಿಂದ ಜಗತ್ತಿನ ಕಸ ಕಮ್ಮಿಯಾಗುತ್ತಾ? ಇದೆಲ್ಲ ಟೈಂಪಾಸ್ ಅಲ್ಲವೇ? (ನೇರವಾಗಿ ಕೇಳುವವನು)

ಕಮ್ಮಿಯಾಗುವುದಿಲ್ಲ. ನಿಮ್ಮ ಲೆಕ್ಕ ಸರಿಯಾಗಿದೆ. ಕಸ ಕಮ್ಮಿಯಾಗಬೇಕಾದರೆ ಹೊಸದಾಗಿ ಮಾಡುವುದು, ಕೊಳ್ಳುವುದು ಕಮ್ಮಿಯಾಗಬೇಕು. ನನ್ನ ಹೊಲಿಗೆ ಮಷೀನಿಗೆ ಆ ಶಕ್ತಿ ಇಲ್ಲ. ಅದಕ್ಕೇ ಬೇಡದ ಸಾಮಾನಿಗೆ ಬಣ್ಣ ಬಳಿದು ಪರಿಸರದ ಹೆಸರು ಹೇಳುವವರನ್ನು ಕಂಡರೆ ನನಗೂ ಆಗುವುದಿಲ್ಲ. ಆ ಬಣ್ಣ ಹೊಸದಾಗಿ ಕೊಂಡದ್ದಲ್ವಾ?

ಆದರೆ ಟೈಂಪಾಸ್ ಅಂದಿರಲ್ಲ, ಅದಕ್ಕೆ ಒಂದು ಮಾತು. ಸೈಮನ್ ರೋಡಿಯಾ ಅಂತ ಒಬ್ಬ ಕೂಲಿ ಕಾರ್ಮಿಕ ಲಾಸ್ ಏಂಜಲೀಸಿನಲ್ಲಿ 1921ರಿಂದ 1954ರವರೆಗೆ ಒಬ್ಬನೇ ಕೂತು ಕಬ್ಬಿಣ, ಸಿಮೆಂಟು, ಒಡೆದ ಟೈಲ್ಸು, ಬಾಟಲಿ ಚೂರು, ಚಿಪ್ಪು ಸೇರಿಸಿ ಗೋಪುರಗಳನ್ನು ಕಟ್ಟಿದ. ವಾಟ್ಸ್ ಟವರ್ಸ್ ಅಂತ ಈಗಲೂ ನಿಂತಿವೆ. ಚಿತ್ರಕಲಾವಿದ ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಅವು ಊರಿನ ಕಸ ಕಮ್ಮಿ ಮಾಡಿದವಾ ಅಂತ ಲೆಕ್ಕ ಹಾಕುವವರು ಯಾರೂ ಇಲ್ಲ. ನನಗೂ ಈ ಕೆಲಸ ಇಷ್ಟ, ಮಾಡುತ್ತೇನೆ. ಮಾಡಿದ ಚೀಲ ಗಟ್ಟಿ ಇದ್ದರೆ ಇನ್ನೊಂದು ಕೊಳ್ಳುವುದು ತಪ್ಪುತ್ತದೆ. ಅದಕ್ಕಿಂತ ಜಾಸ್ತಿ ನಾನು ಹೇಳಿಕೊಳ್ಳುವುದಿಲ್ಲ.

ಪ್ರಶ್ನೆ: ಹಳೆಯ ಸಿಡಿಗಳನ್ನು ಕತ್ತರಿಸಿದರೆ ಸೀಳು ಬಿಡುತ್ತವೆ, ಹೊಳಪಿನ ಪದರ ಏಳುತ್ತದೆ. ಏನು ಮಾಡಲಿ?

ಸಿಡಿ ಅಂದರೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ಮೇಲೆ ಅಲ್ಯೂಮಿನಿಯಮ್ಮಿನ ತೆಳು ಪದರ. ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು, ತೆಗೆದು ಒರೆಸಿದ ಕೂಡಲೇ ಕತ್ತರಿಸಿ. ಗಟ್ಟಿ ಕತ್ತರಿ ಬೇಕು, ಹೊಲಿಗೆಯದ್ದು ಬೇಡ, ಮೊಂಡಾಗುತ್ತದೆ. ಕತ್ತರಿಯನ್ನು ಪೂರ್ತಿ ಮುಚ್ಚದೆ ಸಣ್ಣ ಸಣ್ಣದಾಗಿ ಮುಂದುವರಿಯಿರಿ, ತಣ್ಣಗಾದರೆ ಮತ್ತೆ ಮುಳುಗಿಸಿ. ಪದರ ಏಳದಿರಲು ಕತ್ತರಿಸುವ ಮುಂಚೆ ಅಚ್ಚು ಇರುವ ಮುಖಕ್ಕೆ ಟೇಪ್ ಅಂಟಿಸಿಬಿಡಿ, ಹೊಳೆಯುವ ಮುಖಕ್ಕೆ ಬೇಡ.